ಹಾನಗಲ್ಲಿಗೆ ಹೋದ ಚೀಲ

ರಾಜೇಸಾಬನ ಹತ್ತಿರ ಸಹಾಯ ಕೇಳಬಾರದು ಎಂಬುದು ಸವಣೂರಿನ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಕೇಳದಿದ್ದರೂ ಅವನು ಮಾಡುತ್ತಾನೆ ಎಂಬುದೂ ಗೊತ್ತು. ಅದಕ್ಕೇ ಆ ದಿನ ಬೆಳಿಗ್ಗೆ ಇನಾಯತ ಹೆಗಲಿಗೆ ಚೀಲ ಏರಿಸಿ, ಕಳ್ಳನ ಹಾಗೆ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೊರಬಿದ್ದ. ಹೆಂಡತಿ ಗುಲ್ನಾಜ ಕೂಡ ಪಿಸುದನಿಯಲ್ಲೇ ದುವಾ ಮಾಡಿ ಕಳಿಸಿದಳು. ಬಸ್‌ ಸ್ಟ್ಯಾಂಡಿಗೆ ಬಂದು ನೋಡಿದರೆ ರಾಜೇಸಾಬ ಅಲ್ಲೇ ನಿಂತಿದ್ದ. ಅವನು ಎಲೆ ವ್ಯಾಪಾರಿ. ವೀಳ್ಯದೆಲೆಯ ಬುಟ್ಟಿಗಳನ್ನು ಬೆಳಗಿನ ಬಸ್ಸುಗಳಿಗೆ ಏರಿಸುವುದೇ ಅವನ ನಿತ್ಯದ ಕೆಲಸ. ಓಣಿಯಲ್ಲಿ ಅವನ ಕಣ್ಣು ತಪ್ಪಿಸುವ ಗಡಿಬಿಡಿಯಲ್ಲಿ ಇನಾಯತ ಅದನ್ನೇ ಮರೆತಿದ್ದ.

ಇನಾಯತನ ತಲೆ ಮೊದಲೇ ಕಾದಿತ್ತು. ಅವನು ಭೂಗೋಳ ಕಲಿಸುವ ಅತಿಥಿ ಉಪನ್ಯಾಸಕ. ಮನೆಗೆ ಬಂದ ಅತಿಥಿಗೆ ನಮ್ಮ ಕಡೆ ನೀರು ಬೆಲ್ಲ ಕೊಟ್ಟು, ಕೂಡ್ರಿಸಿ ಮಾತಾಡಿಸುತ್ತಾರೆ. ಕಾಲೇಜಿನ ಅತಿಥಿಗೆ ಕೂಡಲು ಕುರ್ಚಿಯೂ ಇಲ್ಲ. ಬೇಸಿಗೆ ಬಂತೆಂದರೆ ಹೊರಗೆ ಹಾಕುತ್ತಾರೆ, ಮಳೆ ಬಿದ್ದ ಮೇಲೆ ಮತ್ತೆ ಅರ್ಜಿ ಹಾಕು ಎನ್ನುತ್ತಾರೆ. ಪ್ರತಿ ವರ್ಷ ಅದೇ ಅರ್ಜಿ, ಅದೇ ಕೈಮುಗಿತ. ಅರ್ಧ ತಲೆ ಬೆಳ್ಳಗಾದರೂ ಅತಿಥಿಯಾಗಿಯೇ ಉಳಿದವನ ಹೊಟ್ಟೆಯಲ್ಲಿ ಬೆಂಕಿಯಲ್ಲದೆ ಇನ್ನೇನಿರಬೇಕು?

ಈಗ ಹಾನಗಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಕಾಯಂ ಹುದ್ದೆಯೊಂದು ಹುಟ್ಟಿತ್ತು. ಅದರ ಅಧ್ಯಕ್ಷ ಉಳವಪ್ಪನವರು ಹಿಂದಿನ ಬೇಸಿಗೆಯಲ್ಲಿ ಡೆನ್ಮಾರ್ಕಿಗೆ ಹೋಗಿ ಬಂದಿದ್ದರು. ಅಲ್ಲಿ ಡ್ರೈವರ್ ಇಲ್ಲದ ಮೆಟ್ರೊ ರೈಲು ಹತ್ತಿದ್ದ ಅವರು ಊರಿಗೆ ಮರಳಿದ ಮೇಲೂ ಅದರಿಂದ ಇಳಿದಿರಲಿಲ್ಲ. ಮದುವೆ, ಮುಂಜಿ, ತಿಥಿ, ಎಲ್ಲಿ ಹೋದರೂ ಅದೇ ಮಾತು. ಹುದ್ದೆ ಬೇಕಾದವರು ‘ಡೆನ್ಮಾರ್ಕಿನಲ್ಲಿ ಬುದ್ಧಿವಂತ ಸಾರಿಗೆಯ ಬೆಳವಣಿಗೆ’ ಎಂಬ ವಿಷಯದ ಮೇಲೆ ಆಡಳಿತ ಮಂಡಳಿಯ ಎದುರು ಪಾಠ ಮಾಡಿ ತೋರಿಸಬೇಕೆಂದು ಅವರೇ ಕಟ್ಟಳೆ ಹಾಕಿದ್ದರು. ವಿಷಯ ಕೇಳಿಯೇ ಉಳಿದ ಉಮೇದುವಾರರು ಕೈಬಿಟ್ಟರು. ಇನಾಯತನೊಬ್ಬನೇ ಉಳಿದ. ಹನ್ನೊಂದು ಗಂಟೆಗೆ ಹೋಗಿ ನಿಂತರೆ ಸಾಕು, ಕೆಲಸ ಅವನದೇ.

ಡೆನ್ಮಾರ್ಕನ್ನು ನಕಾಶೆಯಲ್ಲಿ ಬಿಟ್ಟರೆ ಎಲ್ಲೂ ಕಾಣದ ಇನಾಯತ ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದ. ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ಸ್ಟಾಪಿನ ಹಲಗೆಯೇ ಹೇಳುವುದು, ಒಂದೇ ಸಮ ಸೈಕಲ್ ತುಳಿಯುವವನಿಗೆ ಸಿಗ್ನಲ್ಲುಗಳೆಲ್ಲ ಸಾಲಾಗಿ ಹಸಿರಾಗುವುದು, ರೈಲು ತಾನೇ ಬಂದು ತಾನೇ ನಿಂತು ತಾನೇ ಹೋಗುವುದು, ಎಲ್ಲವನ್ನೂ ಓಣಿಗೆಲ್ಲ ಕೇಳುವ ಹಾಗೆ ಓದಿ ಅರಗಿಸಿಕೊಂಡ. ಸಿಟ್ಟು ಬಂದರೆ ಮಾತು ಮರೆಯುವ ಸ್ವಭಾವ ಅವನದು. ಹಾಗಾಗಿ ಪಾಠವನ್ನು ಅಕ್ಷರ ಬಿಡದೆ ಬರೆದುಕೊಂಡ. ಎಲ್ಲಿ ನಗಬೇಕು, ಎಲ್ಲಿ ನೀರು ಕುಡಿಯಬೇಕು ಎಂಬುದನ್ನೂ ನಡುನಡುವೆ ಬರೆದ. ಆ ಹಾಳೆಗಳು, ಕರೆಪತ್ರ, ಫೋನು ಎಲ್ಲವೂ ಚೀಲದಲ್ಲಿದ್ದವು.

ಹಾನಗಲ್ ಬಸ್ಸು ನಿಲ್ದಾಣದೊಳಗೆ ತಿರುಗಿತೋ ಇಲ್ಲವೋ, ಜನ ಬಾಗಿಲಿಗೆ ಮುತ್ತಿದರು. ಇಂಥ ಹೊತ್ತಿನಲ್ಲಿ ಕಿಟಕಿಯಿಂದ ಟವೆಲ್ಲನ್ನೋ ಚೀಲವನ್ನೋ ಒಳಗೆ ಒಗೆದು ಜಾಗ ಹಿಡಿಯುವುದು ರೂಢಿ. ಟವೆಲ್ ಬಿದ್ದ ಸೀಟಿಗೆ ನಮ್ಮ ಜನ ಕೊಡುವ ಮರ್ಯಾದೆಯನ್ನು ಕೋರ್ಟಿನ ತಡೆಯಾಜ್ಞೆಗೂ ಕೊಡುವುದಿಲ್ಲ. ಇನಾಯತ ಬೇಡ ಬೇಡ ಎನ್ನುವಷ್ಟರಲ್ಲಿ ರಾಜೇಸಾಬ ಅವನ ಹೆಗಲಿನ ಚೀಲ ಕಿತ್ತುಕೊಂಡು, ಎಲೆಬುಟ್ಟಿ ಒಗೆದು ಪಳಗಿದ ಕೈಯಿಂದ ಬೀಸಿ ಒಗೆದ. ಚೀಲ ಹೋಗಿ ಕಿಟಕಿ ಪಕ್ಕದ ಸೀಟಿನ ಮೇಲೆ ದೊರೆಯ ಹಾಗೆ ಕುಳಿತಿತು.

“ಹಿಡದೆ ನೋಡ್ರಿ ಮಾಸ್ತರ ಜಾಗಾ. ಇನ್ನ ಸಾವಕಾಶ ಹತ್ತರಿ” ಎಂದ ರಾಜೇಸಾಬ.

ಸಾವಕಾಶ ಹತ್ತುವುದಕ್ಕೆ ಅದು ಡೆನ್ಮಾರ್ಕ್ ಅಲ್ಲ. ಇನಾಯತ ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಯಾರದೋ ಗಂಟು ಎದೆಗೆ ಬಡಿಯಿತು, ಯಾರದೋ ಮೊಣಕೈ ಪಕ್ಕೆಗೆ ತಿವಿಯಿತು, ಕಾಲು ಮತ್ತೆ ನೆಲಕ್ಕೆ ಬಂತು. ಒಳಗೆ ನನ್ನ ಸೀಟು ಇದೆ ಎಂದು ಕೂಗಿದ. ಎಲ್ಲರೂ ಹಂಗ ಹೇಳತಾರ ಎಂದು ಕಂಡಕ್ಟರ್ ಬಾಗಿಲು ಎಳೆದ. ಕಾಲಿಡಲು ಜಾಗವಿಲ್ಲದೆ ಜನ ತುಂಬಿದ ಆ ಬಸ್ಸು, ಒಂದು ಸೀಟು ಖಾಲಿ ಇಟ್ಟುಕೊಂಡು ಹಾನಗಲ್ಲಿಗೆ ಹೊರಟಿತು.

ಇನಾಯತನ ಬಾಯಿಂದ ಮಾತೇ ಹೊರಡಲಿಲ್ಲ. ಹೊರಟಿದ್ದರೆ ಆ ಹೊತ್ತು ಸ್ಟ್ಯಾಂಡಿನಲ್ಲಿದ್ದವರು ಕಿವಿ ತೊಳೆದುಕೊಳ್ಳಬೇಕಾಗುತ್ತಿತ್ತು. ಮುಂದಿನ ಹಾನಗಲ್ ಬಸ್ಸು ಮಧ್ಯಾಹ್ನಕ್ಕೆ. ಕಾಲೇಜಿಗೆ ಫೋನ್ ಮಾಡೋಣವೆಂದರೆ ನಂಬರು ಚೀಲದೊಳಗಿನ ಫೋನಿನಲ್ಲಿ. ರಾಜೇಸಾಬ ತನ್ನ ಫೋನಿನಿಂದ ಆ ಫೋನಿಗೇ ಹಚ್ಚಿದ. ಎಷ್ಟು ಸಲ ಹಚ್ಚಿದರೂ ಬರೀ ರಿಂಗ್ ಆಯಿತು.

ರಾಜೇಸಾಬನಿಗೆ ತಪ್ಪಿನ ಅರಿವಾಗಲಿಲ್ಲ, ಉತ್ಸಾಹ ಮಾತ್ರ ಹೆಚ್ಚಿತು. ಬೈಕಿಗೆ ಕಟ್ಟಿದ್ದ ಬುಟ್ಟಿ ಬಿಚ್ಚಿ ಇಳಿಸಿ, ಹಿಂದೆ ಕೂಡಲು ಹೇಳಿದ. ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪು ತನ್ನ ಫೋನಿನಲ್ಲಿದೆ ಎಂದ. ನಿಜವಾಗಿಯೂ ಇತ್ತು. ಅದರಲ್ಲಿ ಅದೇ ಬಸ್ಸಿನ ನಂಬರು, ಅದರ ಮುಂದೆ ಮೆಲ್ಲಗೆ ಸರಿಯುವ ನೀಲಿ ಚುಕ್ಕಿ.

“ಡೆನ್ಮಾರ್ಕಿನವರು ಅಷ್ಟ ಶಾಣ್ಯಾರ ಅಂದ್ಕೊಂಡೀರೇನ?” ಎಂದು ಅವನು ಕಿಕ್ ಹೊಡೆದ.

ಬಂಕಾಪುರಕ್ಕೆ ಬಂದಾಗ ಚುಕ್ಕಿ ಹಾನಗಲ್ ದಾರಿ ಬಿಟ್ಟು ಹೆದ್ದಾರಿ ಹಿಡಿದು ಶಿಗ್ಗಾಂವಿಯತ್ತ ಹೋಗುತ್ತಿತ್ತು. ಹಾನಗಲ್ ಬಸ್ಸು ಆ ಕಡೆ ಯಾಕೆ ಹೋಗುತ್ತದೆ ಎಂದು ಇನಾಯತನಿಗೆ ಅನುಮಾನ ಬಂತು. ಚುಕ್ಕಿ ಸುಳ್ಳು ಹೇಳತದೇನು ಎಂದು ರಾಜೇಸಾಬ ಕೇಳಿದ. ಇನಾಯತ ಮತ್ತೆ ಚುಕ್ಕಿ ನೋಡಿದ. ಮನುಷ್ಯ ತಪ್ಪಬಹುದು, ಯಂತ್ರ ತಪ್ಪುವುದಿಲ್ಲ ಎಂದು ತನ್ನ ಪಾಠದಲ್ಲಿ ಎರಡು ಪುಟ ಬರೆದವನು ತಾನೇ ಅಲ್ಲವೇ. ಚುಕ್ಕಿಯ ಬೆನ್ನು ಹತ್ತಿ ಶಿಗ್ಗಾಂವಿ ದಾಟಿದರು. ಲಾರಿಗಳ ಧೂಳು ಕುಡಿಯುತ್ತ ತಡಸಕ್ಕೆ ಬಂದರು. ಅಲ್ಲಿ ಬಸ್ಸು ಸಿಕ್ಕಿತು. ಅದು ಬೇರೆಯೇ ಬಸ್ಸು.

ಅದರ ಕಂಡಕ್ಟರ್ ಸಾವಧಾನದ ಮನುಷ್ಯ. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಹೇಳಿದ: “ಗಾಡಿ ಎಲ್ಲೈತಿ ಅಂತ ತೋರಸೋ ಡಬ್ಬಿ ಮೊದಲ ಹಾನಗಲ್ ಗಾಡ್ಯಾಗ ಇತ್ತರಿ. ಅದರ ವೈರ್ ಸುಟ್ಟಿತ್ತು. ಬಿಚ್ಚಿ ನಮ್ಮ ಗಾಡಿಗೆ ಹಾಕ್ಯಾರ. ಹೆಸರು ಮಾತ್ರ ಅದರದ ಉಳದೈತಿ.”

ಸುತ್ತ ಜನ ಸೇರಿದರು, ರಾಜೇಸಾಬ ಚೀಲದ ಕತೆ, ಡೆನ್ಮಾರ್ಕಿನ ಪಾಠದ ಕತೆ ಎಲ್ಲ ಹೇಳಿದ. ಜನ ಸೇರಿದ ಮೇಲೆ ಸಲಹೆಗಳೂ ಸೇರಿದವು. ಒಬ್ಬ ಪೊಲೀಸ್ ಕಂಪ್ಲೇಂಟು ಕೊಡಿ ಎಂದ. ಇನ್ನೊಬ್ಬ ಬೆಲೆಬಾಳುವ ವಸ್ತುವನ್ನು ಕಿಟಕಿಯಿಂದ ಒಗೆಯಬಾರದಿತ್ತು ಎಂದ. ಮೂರನೆಯವನು, ಡೆನ್ಮಾರ್ಕ್ ಎಂದರೆ ಬ್ಯಾಡಗಿಯ ಆಚೆಗೋ ಈಚೆಗೋ ಎಂದು ಕೇಳಿದ.

ಇನಾಯತನ ಕಟ್ಟೆ ಒಡೆಯಿತು. ಚಹಾದಂಗಡಿಯ ಬೆಂಚಿನ ಮೇಲೆ ಹತ್ತಿ ನಿಂತು ಶುರು ಮಾಡಿದ. ಆ ದೇಶದಲ್ಲಿ ಸ್ಟಾಪಿನ ಹಲಗೆ ಸುಳ್ಳು ಹೇಳುವುದಿಲ್ಲ ಎಂದ. ಅಲ್ಲಿ ರಸ್ತೆ ಕೂಡ ಸೈಕಲ್ಲಿನವನ ಮುಖ ನೋಡುತ್ತದೆ, ಇಲ್ಲಿ ಮನುಷ್ಯನ ಮುಖವನ್ನು ಮನುಷ್ಯನೇ ನೋಡುವುದಿಲ್ಲ ಎಂದ. ಅಲ್ಲಿನವರು ಗಾಡಿಗೆ ಬುದ್ಧಿ ಕೊಡುವ ಮೊದಲು ಗಾಡಿ ಕಾಯುವವನಿಗೆ ಬೆಲೆ ಕೊಟ್ಟರು ಎಂದ. ಸಿಟ್ಟು ಬಂದಾಗಲೆಲ್ಲ ಮರೆಯುತ್ತಿದ್ದ ಮಾತು ಅಂದು ಹೊಳೆಯ ಹಾಗೆ ಹರಿಯಿತು. ಹಾಳೆ ಬೇಕಾಗಲಿಲ್ಲ. ತಡಸದ ಜನ ಬಾಯಿ ತೆರೆದು ಕೇಳಿದರು, ಬಸ್ಸು ಕೂಡ ಹೊರಡದೆ ನಿಂತಿತು. ಮುಗಿದಾಗ ಅಂಗಡಿಯವಳಾದ ಮಾಬೂಬಿ ಕಣ್ಣೊರೆಸಿಕೊಂಡು ಚಹಾ ಕೊಟ್ಟಳು. ಆಡಳಿತ ಮಂಡಳಿ ತಡಸದಲ್ಲಿ ಕುಳಿತಿದ್ದರೆ ಅವನಿಗೆ ಅಲ್ಲೇ ಆದೇಶ ಸಿಗುತ್ತಿತ್ತು. ಆದರೆ ಅದು ಹಾನಗಲ್ಲಿನಲ್ಲಿ ಕುಳಿತಿತ್ತು, ಗಡಿಯಾರ ಹನ್ನೊಂದು ದಾಟಿತ್ತು.

ಹಾನಗಲ್ಲಿಗೆಂದು ವಾಪಸು ಬರುವಾಗ ಬಂಕಾಪುರದ ಈಚೆಗೆ ರಾಜೇಸಾಬನ ಬೈಕು ಕೆಮ್ಮಿ ನಿಂತಿತು. ರಾಜೇಸಾಬ ಅದನ್ನು ಒದ್ದ, ತೂಗಿದ, ಕಿವಿಗೊಟ್ಟು ಕೇಳಿದ. ಕೊನೆಗೆ ಇಂಜಿನ್ನಿಗೂ ಸ್ವಲ್ಪ ವಿಶ್ರಾಂತಿ ಬೇಕು ಎಂದು ನಿರ್ಣಯಿಸಿದ. ಇನಾಯತ ಅವನ ಮುಖ ನೋಡದೆ ರಸ್ತೆಗೆ ಅಡ್ಡ ನಿಂತು ಮೆಕ್ಕೆಜೋಳದ ಟೆಂಪೋ ಒಂದನ್ನು ನಿಲ್ಲಿಸಿದ. ಮೂಟೆಗಳ ಮೇಲೆ ಕುಳಿತು ಹಾನಗಲ್ ತಲುಪುವಾಗ ಅವನ ಬಿಳಿ ಅಂಗಿ ಗೋಣಿಯ ಬಣ್ಣಕ್ಕೆ ಬಂದಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಕಾಲಿಗೆ ಬಿದ್ದಾದರೂ ಇನ್ನೊಂದು ಸಲ ಪಾಠಕ್ಕೆ ಅವಕಾಶ ಕೇಳಬೇಕು. ಮತ್ತೆ ಮಳೆಗಾಲದ ಅರ್ಜಿ ಹಿಡಿದು ನಿಲ್ಲುವುದು ತನ್ನಿಂದಾಗದು.

ಕಾಲೇಜಿನ ಸಭಾಂಗಣದಿಂದ ನಗುವಿನ ಸದ್ದು ಬರುತ್ತಿತ್ತು. ಒಳಗೆ ಎಲ್ಲರ ಕೈಯಲ್ಲಿ ಉಪ್ಪಿಟ್ಟಿನ ತಾಟು. ಮುಂದಿನ ಕುರ್ಚಿಯಲ್ಲಿ ಅಧ್ಯಕ್ಷರ ಪಕ್ಕ ಗುರುತಿಲ್ಲದ ಮುದುಕಿಯೊಬ್ಬಳು ಕುಳಿತಿದ್ದಳು. ಅವಳ ತೊಡೆಯ ಮೇಲೆ ಇನಾಯತನ ಚೀಲ.

ಇವನೇ ಚೀಲದ ಧಣಿ ಎಂದು ಗೊತ್ತಾದ ಕೂಡಲೇ ಮುದುಕಿ ತಾಟು ಕೆಳಗಿಟ್ಟಳು. ಹೆಸರು ಸುಶೀಲವ್ವ, ಹತ್ತಿಮತ್ತೂರಿನವಳು, ಮಗಳ ಮನೆಗೆ ಹೊರಟವಳು. ಚೀಲದ ಪಕ್ಕದ ಸೀಟು ಅವಳದಾಗಿತ್ತಂತೆ.

“ಒಬ್ರನ್ನೂ ಕುಂದ್ರಸಗೊಡಲಿಲ್ಲ ನೋಡಪಾ ನಿನ್ನ ಜಾಗಾದಾಗ” ಎಂದಳು. “ಬಸರಿ ಹೆಣ್ಮಗಳು ಕೇಳಿದ್ಲು, ಇಲ್ಲವಾ ಯಾರೋ ಚೀಲ ಇಟ್ಟಾರ ಅಂದೆ. ಒಳಗ ಫೋನ್ ಬಾಳ ಹೊಯ್ಕೊಳ್ಳಾಕತ್ತಿತ್ತು. ಮಂದಿ ಫೋನ್ ನಾ ಯಾಕ ಮುಟ್ಲಿ?”

ಚೀಲದ ಬಾಯಲ್ಲಿದ್ದ ಕರೆಪತ್ರವನ್ನು ಯಾರೋ ಓದಿ ಹೇಳಿದ್ದರು. ಸುಶೀಲವ್ವ ಮಗಳ ಮನೆಗೂ ಹೋಗದೆ ನೇರ ಕಾಲೇಜಿಗೆ ಬಂದು, ಹನ್ನೊಂದಕ್ಕೆ ಸರಿಯಾಗಿ ಚೀಲ ಮುಟ್ಟಿಸಿದ್ದಳು. ಮಾಸ್ತರ ಕಾಣದಿದ್ದರೂ ಮಂಡಳಿ ಕಾಯದೆ, ಆಫೀಸಿನ ಸುಮೇರಾಳಿಗೆ ಚೀಲದೊಳಗಿನ ಹಾಳೆ ಕೊಟ್ಟು ಓದು ಎಂದಿತ್ತು. ಅವಳು ಒಂದಕ್ಷರ ಬಿಡದೆ ಓದಿದಳು. ‘ಇಲ್ಲಿ ನಗುವುದು’ ಎಂದು ಓದಿದಾಗ ಮಂಡಳಿ ನಕ್ಕಿತು, ‘ಇಲ್ಲಿ ನೀರು ಕುಡಿಯುವುದು’ ಎಂದಾಗ ಉಳವಪ್ಪನವರು ನೀರು ಕುಡಿದರು. ಇಂಥ ಪಾಠ ಈ ಕಾಲೇಜಿನಲ್ಲಿ ಆಗಿಯೇ ಇರಲಿಲ್ಲ ಎಂದು ಎಲ್ಲರೂ ಒಮ್ಮತದಿಂದ ಹೇಳಿದರಂತೆ.

ಇನಾಯತನ ಎದೆ ಮೊದಲ ಸಲ ಹಗುರಾಯಿತು. ಕೈಮುಗಿದ. ಹಾಗಾದರೆ ಆದೇಶ ಯಾವಾಗ ಸಿಗುತ್ತದೆ ಎಂದು ಮೆಲ್ಲಗೆ ಕೇಳಿದ.

ಉಳವಪ್ಪನವರು ಎದ್ದು ಬಂದು ಅವನ ಧೂಳು ತುಂಬಿದ ಬೆನ್ನು ತಟ್ಟಿದರು. ಅವರ ಕಣ್ಣಿನಲ್ಲಿ ಇನ್ನೂ ಆ ರೈಲೇ ಓಡುತ್ತಿತ್ತು.

“ಡ್ರೈವರ್ ಇಲ್ದ ಗಾಡಿ ಹೆಂಗ ನಡೀತೈತಿ ಅಂತ ನಾ ಮಂಡಳಿಗೆ ಹೇಳಿ ಹೇಳಿ ಸಾಕಾಗಿತ್ತರಿ. ನೀವು ಇಲ್ಲಿಗೆ ಬರಲಾರದ ಮಾಡಿ ತೋರಿಸಿದ್ರಿ. ಮಾಸ್ತರ ಇಲ್ದ ಪಾಠ ನಡೀತು, ಒಂದ ನಿಮಿಷ ತಡ ಆಗಲಿಲ್ಲ. ಈಗಷ್ಟ ಠರಾವು ಮಾಡೇವಿ, ಆ ಹುದ್ದೆ ತಗದ ಹಾಕೇವಿ. ನೀವು ಮನಿಯಾಗ ಕುಂತು ಬರೀರಿ, ಬಸ್ಸಿನ ಕಿಟಕ್ಯಾಗ ಒಗೀರಿ. ಸುಮೇರಾ ಓದ್ತಾಳ.”

ಇನಾಯತನಿಗೆ ಸಿಟ್ಟು ನೆತ್ತಿಗೇರಿತು, ಮಾತು ಮರೆತುಹೋಯಿತು. ತಡಸದಲ್ಲಿ ಹರಿದ ಹೊಳೆಯ ಒಂದು ಹನಿಯೂ ನಾಲಿಗೆಗೆ ಬರಲಿಲ್ಲ. ಸುಶೀಲವ್ವನ ತೊಡೆಯ ಮೇಲಿನ ಚೀಲಕ್ಕೆ ಕೈಹಾಕಿ ಎಳೆದ. ಅದರ ಇನ್ನೊಂದು ಪಟ್ಟಿಯನ್ನು ಉಳವಪ್ಪನವರು ಪ್ರೀತಿಯಿಂದಲೇ ಹಿಡಿದುಕೊಂಡರು.

“ಫೋನ್ ಅಷ್ಟ ತಗೊಳ್ರಿ ಮಾಸ್ತರ” ಎಂದರು. “ಚೀಲ ಇಲ್ಲೇ ಇರ್ಲಿ, ನಾಳಿಂದ ಅದಕ್ಕ ಕ್ಲಾಸ್ ಅದಾವು. ನೀವು ಹೋಗಿಬರ್ರಿ.”