ಯಾರೂ ಮುಟ್ಟಬಾರದ ಕಂಪ್ಯೂಟರ್

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವನಿಗೆ ಬೇರೆ ಶತ್ರುಗಳು ಬೇಕಾಗಿಲ್ಲ, ಅದನ್ನು ಬಳಸುವವರೇ ಸಾಕು. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಧಾರವಾಡದ ಒಂದು ಕೋಚಿಂಗ್ ಕ್ಲಾಸಿಗೆ ವಿದ್ಯಾರ್ಥಿಗಳ ಅಂಕ ಇಡುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ವಾರದ ಟೆಸ್ಟಿನ ಅಂಕ ತುಂಬುವಾಗ ಅದು ಗಕ್ಕನೆ ನಿಂತುಬಿಡುತ್ತಿತ್ತು. ತಿಂಗಳೊಳಗೆ ಸರಿಹೋಗದಿದ್ದರೆ ಮತ್ತೆ ರಿಜಿಸ್ಟರ್ ಪುಸ್ತಕವೇ ಗತಿ ಎಂದು ಮಾಲೀಕರು ಹೇಳಿಬಿಟ್ಟರು. ಅದು ನನ್ನ ಮೊದಲ ಪ್ರೋಗ್ರಾಂ. ಮರ್ಯಾದೆಯ ಪ್ರಶ್ನೆ.

ತಪ್ಪು ಹಿಡಿಯಲು ಒಂದು ದಾರಿಯಿತ್ತು. ನಿಂತ ಕ್ಷಣ ಮೆಮರಿಯಲ್ಲಿ ಏನೇನಿತ್ತೋ ಎಲ್ಲವನ್ನೂ ಹಾಗೆಯೇ ಒಂದು ಫೈಲಿಗೆ ಇಳಿಸಿಕೊಳ್ಳುವುದು. ಡಂಪ್ ಅನ್ನುತ್ತಾರೆ. ಪೋಸ್ಟ್‌ಮಾರ್ಟಂ ಇದ್ದ ಹಾಗೆ. ಕಂಪ್ಯೂಟರ್ ಬಂದ್ ಮಾಡಿದರೆ ಹೆಣವೇ ಮಾಯ.

೧. ಉಪಕಾರ

ಅಲ್ಲಿನ ಗುಮಾಸ್ತರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಿಂತರೆ ಮುಟ್ಟಬೇಡಿ, ಫೋನ್ ಮಾಡಿ ಎಂದು ಮೂರು ಸಲ ಹೇಳಿದ್ದೆ. ಫೋನ್ ಬಂತು. ಸುಡು ಬಿಸಿಲಲ್ಲಿ ಬೆಂಗೇರಿಯಿಂದ ಸ್ಕೂಟರ್ ಓಡಿಸಿಕೊಂಡು ಹೋದರೆ ಕಂಪ್ಯೂಟರ್ ಸೊಗಸಾಗಿ ನಡೆಯುತ್ತಿದೆ.

"ಅಷ್ಟು ದೂರದಿಂದ ಬರ್ತೀರಿ, ನಿಮಗ ತ್ರಾಸ ಆಗಬಾರದಂತ ಬಂದ್ ಮಾಡಿ ಚಾಲೂ ಮಾಡಿಟ್ಟೇನ್ರಿ," ಎಂದರು. ಕೂಡ್ರಿ, ಚಹಾ ಕುಡೀರಿ ಎಂದೂ ಹೇಳಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಹಾ ಬಿಟ್ಟು ಎದ್ದು ಬಂದೆ.

೨. ಸ್ವಚ್ಛತೆ

ಮುಂದಿನ ಸಲಕ್ಕೆಂದು ಪರದೆಯ ಮೇಲೆ ಒಂದು ಗುಂಡಿ ಇಟ್ಟೆ. ನಿಂತರೆ ಇದನ್ನು ಒತ್ತಿ, ಡಂಪ್ ಫೈಲ್ ತಾನೇ ತಯಾರಾಗುತ್ತದೆ ಎಂದೆ. ಒತ್ತಿದರು. ತಯಾರೂ ಆಯಿತು. ನಾನು ಹೋಗುವಷ್ಟರಲ್ಲಿ ಫೈಲ್ ಇರಲಿಲ್ಲ.

"ತಗದು ನೋಡಿದ್ರ ಬರೇ ಹುಚ್ಚುಚ್ಚರ ಅಕ್ಷರ ಇದ್ದವ್ರಿ. ಮಾಲೀಕರು ನೋಡಿದ್ರ ನಿಮ್ಮ ಮಾನ ಹೊಕ್ಕೈತಿ ಅಂತ ಅಳಿಸಿಬಿಟ್ಟೆ."

ಅಂದು ಅವರನ್ನು ಹುಡುಗರೆದುರೇ ಬೈದೆ. ಬೈದು ನನಗೆ ಹಗುರವಾಯಿತು, ಈಗಲೂ ಸುಳ್ಳು ಹೇಳುವುದಿಲ್ಲ.

೩. ಕಾವಲು

ಮೂರನೆಯ ಸಲ ರಟ್ಟಿನ ಮೇಲೆ 'ನಿಂತಾಗ ಯಾರೂ ಮುಟ್ಟಬಾರದು' ಎಂದು ಬರೆದು, ಕೆಳಗೆ ಮಾಲೀಕರ ಸಹಿ ಹಾಕಿಸಿ ಕಂಪ್ಯೂಟರಿಗೆ ಅಂಟಿಸಿದೆ. ಫೋನ್ ಬಂತು, ಓಡಿದೆ. ಗುಮಾಸ್ತರು ಊಟಕ್ಕೂ ಹೋಗದೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಕೀಬೋರ್ಡಿಗೆ ಕೈ ಹಾಕಿದರೆ ಮಣಿಕಟ್ಟು ಹಿಡಿದರು.

"ಯಾರೂ ಅಂದ್ರ ಯಾರೂ. ನೀವ ಬರದೀರಿ."

ಮಾಲೀಕರು ಪಾಠ ಮುಗಿಸಿ ಬಂದು ಅಪ್ಪಣೆ ಕೊಡುವ ತನಕ ಮುಕ್ಕಾಲು ತಾಸು ಹಲ್ಲು ಕಡಿಯುತ್ತ ನಿಂತೆ. ಕೊನೆಗೆ ಡಂಪ್ ಸಿಕ್ಕಿತು. ಎಲ್ಲರೆದುರೇ ತೆರೆದೆ. ಗುಮಾಸ್ತರ ತಪ್ಪು ತೋರಿಸಿಯೇ ಬಿಡಬೇಕಿತ್ತಲ್ಲ.

ನಿಂತ ಕ್ಷಣ ಮೆಮರಿಯಲ್ಲಿದ್ದದ್ದು ಸುಳ್ಳ ಎಂಬ ಹಳ್ಳಿಯಿಂದ ಬರುವ ಒಬ್ಬ ಹುಡುಗಿಯ ಹೆಸರು. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಸೇರಿ ಮೂವತ್ತನಾಲ್ಕು ಅಕ್ಷರ. ನಾನು ಇಟ್ಟಿದ್ದ ಜಾಗ ಮೂವತ್ತಕ್ಕೆ. ಹೆಸರು ಹಿಡಿಸದೆ ಪ್ರೋಗ್ರಾಂ ನಿಲ್ಲುತ್ತಿತ್ತು. ನಮ್ಮ ಕಡೆಯವರ ಹೆಸರು ಎಷ್ಟು ಉದ್ದ ಎಂಬುದು ಇಲ್ಲೇ ಹುಟ್ಟಿ ಬೆಳೆದ ನನಗೇ ಹೊಳೆದಿರಲಿಲ್ಲ.

ಗುಮಾಸ್ತರು ಮೆಲ್ಲಗೆ ಅಂದರು:

"ಆ ಹುಡುಗಿ ಹೆಸರು ತಗದಾಗಷ್ಟ ನಿಲ್ತೈತಿ ಅಂತ ಮೊದಲನೇ ದಿನಾನ ಗೊತ್ತಾಗಿತ್ರಿ. ಚಹಾ ಕುಡಿಯೂಮುಂದ ಹೇಳೋಣು ಅಂತಿದ್ದೆ. ನೀವು ಕುಡೀಲೇ ಇಲ್ಲ."

ಆ ದಿನ ಎರಡು ಕಪ್ ಕುಡಿದೆ.