ನಮ್ಮ ಮಾವನ ‘ಬ್ಯಾಡ’

ನಮ್ಮ ಸೋದರಮಾವ ಹುಟ್ಟಿದಾಗ ಅಳಲಿಲ್ಲವಂತೆ, ‘ಬ್ಯಾಡ’ ಅಂದರಂತೆ! ಪುರಾವೆ ಏನು ಎನ್ನುತ್ತೀರಾ? ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನೂ ಅದನ್ನೇ ಕೇಳಿದ್ದೆ. “ದಿನಾ ನೋಡ್ತಿಯಲ್ಲವ್ವ, ಇನ್ನೇನ್ ಪುರಾವೆ?” ಎಂದಳು ಅಜ್ಜಿ. ಸರಿಯೇ. ದಾವಣಗೆರೆಯಲ್ಲೇ ಹುಟ್ಟಿ ಬೆಣ್ಣೆದೋಸೆಗೆ ‘ಬೆಣ್ಣೆ ಬ್ಯಾಡ’ ಎನ್ನುವ ಇನ್ನೊಬ್ಬ ಮನುಷ್ಯನನ್ನು ತೋರಿಸಿ ನೋಡೋಣ!

ಪಿ.ಜೆ. ಬಡಾವಣೆಯ ಒಂದು ರಕ್ತಪರೀಕ್ಷೆ ಲ್ಯಾಬಿನ ಲಿನಕ್ಸ್ ಕಂಪ್ಯೂಟರುಗಳೆಲ್ಲ ಇವರ ಸುಪರ್ದಿ. ಹರಿಹರದ ಶಾಖೆಯವೂ ಸೇರಿ. ನಾನು ಇವರ ಸಹಾಯಕಿ. ಹೊಸ ಪ್ಯಾಕೇಜುಗಳು, ಅಂದರೆ ತಂತ್ರಾಂಶದ ಗಂಟುಗಳು, ಮೊದಲು ನಮ್ಮ ಸರ್ವರಿಗೆ ಇಳಿದು, ಅಲ್ಲಿಂದ ಉಳಿದ ಕಂಪ್ಯೂಟರುಗಳಿಗೆ ಹೋಗುತ್ತವೆ. ಮಾವ ಕೆಲವನ್ನು ಸರ್ವರಿನ ಬಾಗಿಲಲ್ಲೇ ತಡೆಯುತ್ತಾರೆ. ಸಾಲದೆಂದು ಒಂದೊಂದು ಕಂಪ್ಯೂಟರಿನಲ್ಲೂ ಮತ್ತೆ ತಡೆಯುತ್ತಾರೆ.

“ಎರಡೆರಡು ಸಲ ಯಾಕ ಮಾವ?”

“ಅಡಿಗಿಯೋರಿಗೆ ಬದನೆಕಾಯಿ ಬ್ಯಾಡ ಅಂತ ಮೊದ್ಲೇ ಹೇಳಿರ್ತಿ. ಆದ್ರೂ ಬಡಿಸೋನು ಬಂದ್ರೆ ಎಲಿ ಮ್ಯಾಲೆ ಕೈ ಅಡ್ಡ ಇಡಲ್ಲೇನು?”

ಒಮ್ಮೆ ತಡೆಯಬೇಕಾದ ಪ್ಯಾಕೇಜಿನ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿಬಿಟ್ಟರು. ಹಾಗೆಂದರೆ, ಆ ಹೆಸರಿನಿಂದ ಶುರುವಾಗುವುದೆಲ್ಲವೂ ಬೇಡ ಎಂದರ್ಥ. ಪಾಪ, ಅದರ ಅಣ್ಣತಮ್ಮಂದಿರು, ಬೀಗರು ಎಲ್ಲ ಬಾಗಿಲಾಚೆ! ತನಗೆ ಬೇಕಾದದ್ದೂ ಅವರ ಜೊತೆ ಹೊರಗುಳಿದು ಪ್ರಿಂಟರು ಎರಡು ದಿನ ಮುನಿಸಿಕೊಂಡಿತ್ತು. ಆಶ್ಚರ್ಯವೇನಿಲ್ಲ ಬಿಡಿ, ಜಗಳಗಂಟ ನೆಂಟನೊಬ್ಬನನ್ನು ಕರೆಯಬಾರದೆಂದು ಅವನಿರುವ ಇಡೀ ಹದಡಿ ಊರಿಗೇ ಲಗ್ನಪತ್ರಿಕೆ ಕೊಡದೆ ಬಂದ ಪುಣ್ಯಾತ್ಮರೂ ಇವರೇ.

ಇನ್ನು ಆಫೀಸಿನ ನಿದ್ದೆ! ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಕುರ್ಚಿಯಲ್ಲೇ ಸಮಾಧಿ.

ಹೀಗಿರುವಾಗ ಲ್ಯಾಬಿನ ಮಾಲೀಕರು, “ಎಲ್ಲಾ ಹೊಸದು ಹಾಕ್ರಿ, ಒಂದೂ ಹಳೇದು ಉಳೀಬಾರ್ದು” ಎಂದರು. ಮಾವ ಒಪ್ಪಿದರು; ಒಂದನ್ನು ಬಿಟ್ಟು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದು. “ನಿನ್ನ ಮಾತು ಕೇಳ್ತಾರೆ, ಒಪ್ಸವ್ವ” ಎಂದು ಮಾಲೀಕರು ನನ್ನನ್ನು ಛೂ ಬಿಟ್ಟರು. ಬಿಡುತ್ತೇನೆಯೇ! ಹಳೆಯದರ ಹುಳುಕು, ಹೊಸದರ ಸುರಕ್ಷತೆ ಎಲ್ಲ ವಾದಿಸಿದೆ.

“ಹರಿಹರಕ್ಕ ನಡಿ. ಅಲ್ಲಿ ವಾದ ಮಾಡು” ಎಂದರು ಮಾವ.

ಹರಿಹರದ ಕೌಂಟರಿನಲ್ಲಿ ಶಾಂತಕ್ಕ ಕೂತಿದ್ದರು. ಕೆಲವು ವರ್ಷಗಳ ಹಿಂದೆ ದೃಷ್ಟಿ ಹೋದ ಮೇಲೂ, ಕಂಪ್ಯೂಟರು ಕಿವಿಯಲ್ಲಿ ಹೇಳುವ ಹೆಸರು ಕೇಳಿಯೇ ಯಾರ ರಿಪೋರ್ಟು ಯಾರಿಗೆಂದು ಕೊಡುತ್ತಿದ್ದರು. ಆ ದನಿ ನಿಂತರೆ ಅವರ ಕೆಲಸವೂ ನಿಂತಂತೆ. ನಾನು ಅಲ್ಲಿ ಖಾಲಿಯಿದ್ದ ಇನ್ನೊಂದು ಕಂಪ್ಯೂಟರಿಗೆ ಹೊಸದನ್ನು ಹಾಕಿ ಕೇಳಿಸಿದೆ. ಇಂಗ್ಲಿಷನ್ನು ಸುಲಲಿತವಾಗಿ ಓದಿತು. ಕನ್ನಡದ ಹೆಸರು ಬಂತು ನೋಡಿ, ಬಸಮ್ಮ ಬರೀ ‘ಬ’ ಆದಳು. ಹಾಲಪ್ಪ ಪೂರ್ತಿ ಮಾಯ!

ಶಾಂತಕ್ಕ ನಕ್ಕರು. “ಚೆಂದ ಮಾತಾಡ್ತೈತವ್ವ. ಆದ್ರ ನಮ್ಮೋರ್ನ ಒಬ್ರನ್ನೂ ಗುರ್ತು ಹಿಡಿಯಲ್ಲ. ನಿಮ್ಮ ಮಾವ ಪ್ರತಿ ಸಲ ಹೊಸದು ಬಂದಾಗ್ಲೂ ಕಣ್ಮುಚ್ಚಿ ಕುಂತು ಕೇಳ್ತಾರಂತೆ. ‘ಇನ್ನೂ ಕನ್ನಡ ಕಲ್ತಿಲ್ಲ ಶಾಂತಕ್ಕ, ತಡಿ’ ಅಂತ ಫೋನ್ ಮಾಡ್ತಾರ.”

ಕಣ್ಮುಚ್ಚಿ ಕುಂತು! ಅಂದರೆ ಆ ನಿದ್ದೆ...

ಮಾವ ಮಾತ್ರ ಗೋಡೆಯ ಪ್ಲಗ್ಗನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

ಮರುದಿನ ಮಾಲೀಕರ ಮುಂದೆ ಮತ್ತೆ ವಾದಿಸಿದೆ, ಈ ಸಲ ಎದುರುಪಕ್ಷದಿಂದ. “ಆತು ಬಿಡವ್ವ, ಅದೊಂದು ಇರ್ಲಿ” ಎಂದರು. ಮೊನ್ನೆ ಅವರು ಒಳಗೆ ಬಂದಾಗ ಮಾವ ಇಯರ್‌ಫೋನಿನೊಂದಿಗೆ ಸಮಾಧಿಯಲ್ಲಿದ್ದರು.

“ಏನ್ರಿ ಇದು, ಹಗಲೊತ್ತಲ್ಲೇ ನಿದ್ದಿ?” ಎನ್ನುತ್ತ ಎಬ್ಬಿಸಲು ಹೋದರು.

ಊಟದೆಲೆಯ ಮೇಲೆ ಇಡುವ ಹಾಗೆ ನಾನು ಕೈ ಅಡ್ಡ ಇಟ್ಟೆ.

“ಬ್ಯಾಡ್ರಿ.”