ಹೋದ ಕರ್ನಲ್, ಬಂದ ಕರ್ನಲ್

ಲ್ಯಾಪ್‌ಟಾಪಿನ ಮೂಲೆಯಲ್ಲಿ ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?’ ಎಂಬ ಪ್ರಶ್ನೆ ಮೂಡಿದ್ದೇ ತಡ, ಅಳಿಯ ಹಲ್ಲುಜ್ಜುತ್ತಲೇ ‘ಹೌದು’ ಒತ್ತಿಬಿಟ್ಟ.

“ಇವತ್ತು ಬೇಡಾಗಿತ್ತು ರೀ,” ಎಂದಳು ಹೆಂಡತಿ. “ಸಂಜೆಗೆ ಆಟಗಾರರ ಅಂಗಿಗಳ ಮೇಲೆ ಹೆಸರು ಹಾಕಿ ಕೊಡ್ಬೇಕು.”

“ನಾನಿಲ್ವಾ? ನೋಡ್ತಿರು.”

ಅವನ ಧೈರ್ಯಕ್ಕೆ ಕಾರಣವಿತ್ತು. ಹೆಂಡತಿಯ ಕಸೂತಿ ಯಂತ್ರ ಓಬೀರಾಯನ ಕಾಲದ್ದು; ಯಾವ ಕಂಪ್ಯೂಟರಿನ ಮಾತಿಗೂ ಬಗ್ಗುತ್ತಿರಲಿಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಯಂತ್ರಗಳನ್ನು ಕುಣಿಸುವ ಕರ್ನಲ್ ಎಂಬ ತಂತ್ರಾಂಶವನ್ನು ಅವನೇ ಹಟ ಹಿಡಿದು ಬಿಚ್ಚಿ, ಈ ಯಂತ್ರದ ಅಳತೆಗೆ ತಕ್ಕಂತೆ ಮತ್ತೆ ಕಟ್ಟಿದ್ದ.

ಲ್ಯಾಪ್‌ಟಾಪ್ ಮದುಮಗನಂತೆ ಮಿಂಚುತ್ತ ಎದ್ದಿತು. ಯಂತ್ರ ಮಾತ್ರ ಮುನಿಸಿಕೊಂಡ ಬೀಗಿತ್ತಿಯಂತೆ ತುಟಿ ಬಿಚ್ಚಲಿಲ್ಲ.

“ಏನಿಲ್ಲ, ಹೊಸ ಕರ್ನಲ್ ಬಂದು ನನ್ನ ಕರ್ನಲ್‌ನ ಓಡಿಸಿದೆ ಅಷ್ಟೇ,” ಎಂದ ಅಳಿಯ.

ಪತ್ರಿಕೆ ಓದುತ್ತಿದ್ದ ಮಾವ ತಲೆಯೆತ್ತಿದರು. “ಕರ್ನಲ್ ಬಂದಿದ್ರಾ? ಒಳಗೆ ಕರೀಬಾರ್ದಾ?”

“ಮಿಲಿಟರಿಯವರಲ್ಲ ಮಾವ. ಇದು ಕಂಪ್ಯೂಟರ್ ಒಳಗಿರೋದು.”

“ಪಾಪ, ರಿಟೈರಾದ ಮೇಲೆ ಅಲ್ಲಿದ್ದಾರಾ?”

ಅಷ್ಟರಲ್ಲಿ ಪಕ್ಕದ ಮನೆಯ ಟೈಲರ್ ಬಂದು, “ಎಣ್ಣೆ ಒಣಗಿರುತ್ತೆ” ಎಂದು ಯಂತ್ರಕ್ಕೆ ಧಾರಾಳವಾಗಿ ಎಣ್ಣೆ ಸುರಿದರು. ಅರ್ಧ ಯಂತ್ರಕ್ಕೆ ಬಿತ್ತು, ಅರ್ಧ ಪಕ್ಕದಲ್ಲಿದ್ದ ತಂಡದ ನಾಯಕನ ಅಂಗಿಗೆ. ಹೆಂಡತಿ ಅಂಗಿ ಹಿಡಿದು ಬಚ್ಚಲಿಗೆ ಓಡಿದಳು.

“ಸಂಜೆಯೊಳಗೆ ಈ ಯಂತ್ರ ಓಡಿಸದಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ,” ಎಂದು ಅಳಿಯ ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದಿನ ಕೋಣೆ ಸೇರಿ ಚಿಲಕ ಹಾಕಿಕೊಂಡ.

ತನ್ನ ಹಳೆಯ ಕರ್ನಲ್ಲನ್ನು ಮತ್ತೆ ಕಟ್ಟತೊಡಗಿದ. ಮೊದಲ ಸಲ ಪರದೆ ಕಪ್ಪಾಯಿತು. ಎರಡನೆಯ ಸಲ ಕೀಲಿಮಣೆ ಸತ್ತಿತು.

“ಕರ್ನಲ್ ಸಿಕ್ಕಿದ್ರಾ?” ಎಂದು ಮಾವ ಬಾಗಿಲು ಬಡಿದರು.

“ಅರ್ಧ ಸಿಕ್ಕಿದ್ದಾರೆ ಮಾವ.”

ಮೂರನೆಯ ಸಲ ಎಲ್ಲ ಸರಿಹೋಯಿತು. ಹೊಸ ಕರ್ನಲ್ ಇನ್ನು ತಲೆಹಾಕಬಾರದೆಂದು ಅದನ್ನು ಬುಡಸಮೇತ ಕಿತ್ತೆಸೆದು, ಎದೆಯುಬ್ಬಿಸಿ ಹೊರಬಂದ.

ಮೇಜಿನ ಮೇಲೆ ಬೆಳ್ಳಗೆ ಹೊಳೆಯುವ ಬೇರೊಂದು ಯಂತ್ರ ಕೂತಿತ್ತು.

“ಹಳೇದು ಎಣ್ಣೆ ಕುಡಿದು ಕೆಟ್ಟೇಹೋಯ್ತು,” ಎಂದರು ಮಾವ. “ನಮ್ಮ ಟೈಲರೇ ಅಂಗಡಿಗೆ ಹೋಗಿ ಅದನ್ನ ಕೊಟ್ಟು ಇದನ್ನ ತಂದ್ರು. ಒಳ್ಳೇ ಮನುಷ್ಯ.”

ಹೆಂಡತಿಯ ಮುಖ ಅರಳಿತ್ತು. “ಇದಕ್ಕೆ ಹೊಸ ಕರ್ನಲ್ಲೇ ಆಗ್ಬೇಕಂತೆ ರೀ, ಹಳೇದ್ರಲ್ಲಿ ನಡೆಯೋದೇ ಇಲ್ವಂತೆ. ಸದ್ಯ, ನನ್ನ ಮಾತು ಕೇಳ್ದೆ ಬೆಳಿಗ್ಗೇನೇ ಹಾಕಿದ್ರಲ್ಲ, ಎಷ್ಟು ಒಳ್ಳೇದಾಯ್ತು. ಕೊಡಿ ಇಲ್ಲಿ, ಅಂಗಿಯವರು ಗೇಟಿನ ಹತ್ರ ಬಂದ್ರು.”

ಅವನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹಿಂದಿಂದಕ್ಕೇ ಹೆಜ್ಜೆಯಿಡುತ್ತ ಕೋಣೆ ಸೇರಿದ.

“ಯಾಕ್ರೀ ಮತ್ತೆ ಚಿಲಕ ಹಾಕ್ಕೋತೀರಿ?” ಎಂದಳು ಹೆಂಡತಿ.